ಸಣ್ಣ ಸ್ವಿಚ್ಚುಗಳ ದಂಗೆ

2004ರ ಡಿಸೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಒಂದು ಸಮ್ಮೇಳನದಲ್ಲಿ ಗೂಗಲ್‌ನ ಜೆಫ್ ಡೀನ್ ಮತ್ತು ಸಂಜಯ್ ಘೆಮಾವತ್ ಅವರ ಪ್ರಬಂಧವೊಂದು ಮಂಡನೆಯಾಯಿತು. ಮ್ಯಾಪ್‌ರೆಡ್ಯೂಸ್ ಎಂಬುದು ಅದರ ವಿಷಯ. ಒಂದು ದೊಡ್ಡ ಲೆಕ್ಕವನ್ನು ಸಾವಿರಾರು ಅಗ್ಗದ ಕಂಪ್ಯೂಟರುಗಳಿಗೆ ಹಂಚಿ, ಬಂದ ಉತ್ತರಗಳನ್ನೆಲ್ಲ ಕೂಡಿಸಿಕೊಳ್ಳುವ ಉಪಾಯವನ್ನು ಅದು ಹೇಳಿಕೊಟ್ಟಿತು. ಹಾಗಾಗಿ ಲೋಕಪ್ರಸಿದ್ಧವೂ ಆಯಿತು. ಆದರೆ ಅದರ ನಡುವೆ, ಪ್ರಯೋಗಕ್ಕೆ ಬಳಸಿದ ಯಂತ್ರಗಳ ವಿವರ ಕೊಡುವಲ್ಲಿ, ಸುಲಭವಾಗಿ ಕಣ್ತಪ್ಪಿಹೋಗುವ ಒಂದು ಮಾತಿದೆ. ಯಂತ್ರಗಳು ಸುಮಾರು 1800. ಪ್ರತಿಯೊಂದಕ್ಕೂ ಸೆಕೆಂಡಿಗೆ 1 ಗಿಗಾಬಿಟ್ ಸಾಗಿಸುವ ಈಥರ್ನೆಟ್ ಸಂಪರ್ಕ. ಅವೆಲ್ಲವನ್ನೂ ಎರಡು ಹಂತದ, ಮರದ ಆಕಾರದ ಜಾಲವೊಂದು ಜೋಡಿಸಿತ್ತು. ಆ ಮರದ ಬುಡದಲ್ಲಿ ಒಟ್ಟಾರೆ ಸಿಗುತ್ತಿದ್ದ ಸಾಗಣೆ ಸಾಮರ್ಥ್ಯ 100ರಿಂದ 200 ಗಿಗಾಬಿಟ್.

ಲೆಕ್ಕ ಹಾಕಿದರೆ ಕಷ್ಟ ಏನೆಂದು ಗೊತ್ತಾಗುತ್ತದೆ. ಎಲ್ಲ ಯಂತ್ರಗಳೂ ಒಟ್ಟಿಗೆ ಬಾಯಿಬಿಟ್ಟರೆ ಬೇಕಾದದ್ದು 1800 ಗಿಗಾಬಿಟ್. ಇದ್ದದ್ದು ಅದರ ಹತ್ತನೆಯ ಒಂದು ಪಾಲಿನ ಆಸುಪಾಸು. ನಮ್ಮಲ್ಲಿ ಜಾಲದ ಸಾಮರ್ಥ್ಯಕ್ಕೇ ಬರ ಎಂದು ಲೇಖಕರು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದರು. ಅದಕ್ಕೇ ಮಾಹಿತಿಯನ್ನು ಲೆಕ್ಕದ ಹತ್ತಿರ ತರುವುದನ್ನು ಬಿಟ್ಟು, ಮಾಹಿತಿ ಯಾವ ಡಿಸ್ಕ್‌ನಲ್ಲಿದೆಯೋ ಅಲ್ಲಿಗೇ ಲೆಕ್ಕವನ್ನು ಕಳಿಸುವ ವ್ಯವಸ್ಥೆ ಮಾಡಿದ್ದರು. ಜಾಲ ಬಡವಾಗಿದ್ದರಿಂದ ತಂತ್ರಾಂಶ ಜಾಣವಾಗಬೇಕಾಯಿತು.

ಈ ಬಡತನ ನೀಗಿದ ಬಗೆಯೇ ಇಂದಿನ ಕ್ಲೌಡ್‌ನ ನಿಜವಾದ ಚರಿತ್ರೆ ಎಂದು ನನ್ನ ಅಭಿಪ್ರಾಯ. ಕ್ಲೌಡ್ ಎಂದ ಕೂಡಲೇ ಸಂಗ್ರಹ, ಪ್ರೊಸೆಸರ್, ಈಗೀಗ ಕೃತಕ ಬುದ್ಧಿಮತ್ತೆ ಎಂದೆಲ್ಲ ಮಾತಾಡುತ್ತೇವೆ. ಅವುಗಳ ನಡುವಿನ ಕೇಬಲ್ಲು, ಸ್ವಿಚ್ಚುಗಳನ್ನು ಯಾರೂ ಕೇಳುವುದಿಲ್ಲ. ಅವು ಚೆನ್ನಾಗಿ ಕೆಲಸ ಮಾಡುತ್ತಿವೆ ಅನ್ನುವುದಕ್ಕೆ ಅದೇ ಪ್ರಮಾಣಪತ್ರ.

ಗೂಗಲ್ ಶುರುವಾದಾಗ ಈ ಸಮಸ್ಯೆಯೇ ಇರಲಿಲ್ಲ. 1999ರ ಫೆಬ್ರವರಿಯಲ್ಲಿ, ಮುಂದೆ ಗೂಗಲ್‌ನ ಎಂಜಿನಿಯರಾದ ಉರ್ಸ್ ಹೋಲ್ಜ್‌ಲೆ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ಎಕ್ಸೋಡಸ್ ಎಂಬ ಕಂಪನಿಯ ಡೇಟಾ ಸೆಂಟರಿಗೆ ಹೋಗಿ ನೋಡಿದಾಗ, ಗೂಗಲ್‌ನ ಪಾಲಿಗೆ ಇದ್ದದ್ದು ಏಳಡಿ ಉದ್ದ ನಾಲ್ಕಡಿ ಅಗಲದ ಒಂದು ತಂತಿಬಲೆಯ ಗೂಡು. ಅದರೊಳಗೆ ಹಲಗೆಗಳ ಮೇಲೆ ಸುಮಾರು 30 ಪಿಸಿಗಳು. ಅಕ್ಕಪಕ್ಕದ ಗೂಡುಗಳಲ್ಲಿ ಇಬೇ, ಆಲ್ಟಾವಿಸ್ಟಾ. ಹೊರಜಗತ್ತಿಗೆ ಗೂಗಲ್ ಕೊಂಡಿದ್ದ ಸಂಪರ್ಕ ಬರೀ 2 ಮೆಗಾಬಿಟ್. ಇವತ್ತು ಹಳ್ಳಿಮನೆಯ ಫೈಬರ್ ಸಂಪರ್ಕದ ಮುಂದೆ ಅದು ಲೆಕ್ಕಕ್ಕೇ ಇಲ್ಲ. ಎಕ್ಸೋಡಸ್ ಸ್ಥಾಪಿಸಿದವರು ಕೆ.ಬಿ. ಚಂದ್ರಶೇಖರ್ ಮತ್ತು ಬಿ.ವಿ. ಜಗದೀಶ್ ಎಂಬ ಇಬ್ಬರು ಭಾರತೀಯರು. ಡಾಟ್‌ಕಾಂ ಗುಳ್ಳೆ ಒಡೆದಾಗ, 2001ರಲ್ಲಿ, ಆ ಕಂಪನಿ ದಿವಾಳಿಯಾಯಿತು. ಅದರ ಬಾಡಿಗೆದಾರ ಬೆಳೆಯುತ್ತಲೇ ಹೋದ.

2004ರ ಹೊತ್ತಿಗೆ ಗೂಗಲ್‌ನ ಡೇಟಾ ಸೆಂಟರಿನ ಏರ್ಪಾಡು ಹೀಗಿತ್ತು. ಒಂದು ರ‍್ಯಾಕ್‌ನಲ್ಲಿ 40 ಸರ್ವರ್. ಅವೆಲ್ಲ ಆ ರ‍್ಯಾಕಿನದೇ ಒಂದು ಸ್ವಿಚ್ಚಿಗೆ ಜೋಡಣೆ. ಆ ಸ್ವಿಚ್ಚಿನಿಂದ ನಾಲ್ಕು ಕೇಬಲ್ ಹೊರಟು, ನಾಲ್ಕು ಭಾರೀ ರೂಟರುಗಳಿಗೆ ಒಂದೊಂದರಂತೆ ಹೋಗುತ್ತಿದ್ದವು. ಮಾರುಕಟ್ಟೆಯಲ್ಲಿ ಆಗ ದುಡ್ಡು ಕೊಟ್ಟರೂ ಸಿಗುತ್ತಿದ್ದ ಅತಿ ದೊಡ್ಡ ರೂಟರಿಗೆ 1 ಗಿಗಾಬಿಟ್‌ನ 512 ಪೋರ್ಟ್. ಹಾಗಾಗಿ ಒಂದು ಕ್ಲಸ್ಟರಿನಲ್ಲಿ 512 ರ‍್ಯಾಕ್, ಅಂದರೆ ಸುಮಾರು 20,000 ಸರ್ವರ್, ಅದರಾಚೆಗೆ ದಾರಿಯಿಲ್ಲ. ರ‍್ಯಾಕಿನೊಳಗೆ 40 ಸರ್ವರುಗಳು 40 ಗಿಗಾಬಿಟ್ ಮಾತಾಡಬಲ್ಲವು, ಹೊರಗೆ ಹೋಗಲು ಇರುವುದು 4 ಗಿಗಾಬಿಟ್. ಮದುವೆಮನೆಯಲ್ಲಿ ಬಡಿಸಲು ನಲವತ್ತು ಜನ ನಿಂತಿದ್ದು, ಅಡುಗೆಮನೆಗೆ ನಾಲ್ಕೇ ಜನ ಹಾಯುವಷ್ಟು ಬಾಗಿಲಿದ್ದರೆ ಪಂಕ್ತಿಯ ಗತಿ ಏನೋ ಅದೇ ಗತಿ. ಈ 10:1 ಅನುಪಾತಕ್ಕೆ ಈ ಕಸುಬಿನವರು ಓವರ್‌ಸಬ್‌ಸ್ಕ್ರಿಪ್ಶನ್ ಅನ್ನುತ್ತಾರೆ. ಹೆಚ್ಚು ಮಾತುಕತೆ ಬೇಕಾದ ತಂತ್ರಾಂಶಗಳನ್ನು ಬರೆಯುವವರು ತಮ್ಮ ಕೆಲಸವನ್ನು ಒಂದೇ ರ‍್ಯಾಕಿನೊಳಗೆ ಹಿಡಿಸಲು ಪರದಾಡಬೇಕಾಗಿತ್ತು.

ಹಳೆಯ ಕಾಲದ ಲೆಕ್ಕದಲ್ಲಿ ಈ ಅನುಪಾತ ತಪ್ಪೇನಲ್ಲ. ಕಚೇರಿಯ ಜಾಲದಲ್ಲಾಗಲಿ, ಮೊದಮೊದಲ ವೆಬ್‌ಸೈಟುಗಳಲ್ಲಾಗಲಿ ಸಂಚಾರ ಹೊರಗಿನಿಂದ ಒಳಕ್ಕೆ, ಒಳಗಿನಿಂದ ಹೊರಕ್ಕೆ ಹರಿಯುತ್ತಿತ್ತು. ಇದನ್ನು ಉತ್ತರ-ದಕ್ಷಿಣ ಸಂಚಾರ ಎನ್ನುವುದು ರೂಢಿ. ನಕ್ಷೆಯಲ್ಲಿ ಹೊರಜಗತ್ತನ್ನು ಮೇಲೆ, ಸರ್ವರುಗಳನ್ನು ಕೆಳಗೆ ಬರೆಯುತ್ತಾರಲ್ಲ, ಅದರಿಂದ. ಹುಡುಕಾಟದ ಯಂತ್ರ ಬಂದ ಮೇಲೆ ಅದೆಲ್ಲ ತಲೆಕೆಳಗಾಯಿತು. ನೀವು ಎರಡು ಪದ ಹಾಕಿ ಹುಡುಕಿದರೆ, ಆ ಒಂದು ಕೋರಿಕೆ ಒಳಗೆ ನೂರಾರು ಯಂತ್ರಗಳಿಗೆ ಹರಡಿ, ನೂರಾರು ತುಣುಕು ಉತ್ತರಗಳು ಒಂದೆಡೆ ಸೇರಿ, ಕೊನೆಗೆ ಒಂದು ಪುಟ ನಿಮ್ಮ ಕಡೆ ಹೊರಡುತ್ತದೆ. ಒಂದು ಕಡತವನ್ನು ಉಳಿಸಿದರೆ ಅದರ ಮೂರು ಪ್ರತಿಗಳು ಮೂರು ಯಂತ್ರಗಳಿಗೆ ಹೋಗಬೇಕು. ಹೊರಗೆ ಹೋಗುವ ಸಂಚಾರಕ್ಕಿಂತ ಒಳಗೊಳಗೇ ಅಡ್ಡಡ್ಡ ಓಡಾಡುವ ಸಂಚಾರ, ಅಂದರೆ ಪೂರ್ವ-ಪಶ್ಚಿಮ ಸಂಚಾರ, ಹಲವು ಪಟ್ಟು ಬೆಳೆಯಿತು. ಮರದಲ್ಲಿ ಒಂದು ಎಲೆಯಿಂದ ಇನ್ನೊಂದು ಎಲೆಗೆ ಹೋಗಬೇಕಾದರೆ ಬುಡಕ್ಕೆ ಇಳಿದೇ ಹೋಗಬೇಕು. ಎಲ್ಲರೂ ಬುಡಕ್ಕೇ ಬಂದರೆ ಅಲ್ಲಿ ನೂಕುನುಗ್ಗಲು.

ಆದರೆ ಜಾಲಕ್ಕೆ ಈ ಮರದ ಆಕಾರ ಬಂದದ್ದಾದರೂ ಹೇಗೆ? ಅದರದೇ ಒಂದು ಕತೆ.

1973ರ ಮೇ 22ರಂದು ಜೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಬಾಬ್ ಮೆಟ್‌ಕಾಫ್ ಒಂದು ಟಿಪ್ಪಣಿ ಬರೆದರು. ಕಟ್ಟಡದುದ್ದಕ್ಕೂ ಒಂದೇ ಕೇಬಲ್ ಎಳೆದು, ಎಲ್ಲ ಕಂಪ್ಯೂಟರುಗಳೂ ಅದಕ್ಕೇ ಅಂಟಿಕೊಂಡು ಮಾತಾಡಲಿ ಎಂಬ ಸಲಹೆ. ಇಬ್ಬರು ಒಟ್ಟಿಗೆ ಮಾತಾಡಿ ಡಿಕ್ಕಿಯಾದರೆ? ಇಬ್ಬರೂ ನಿಲ್ಲಿಸಿ, ಬೇರೆ ಬೇರೆ ಹೊತ್ತು ಕಾದು, ಮತ್ತೆ ಪ್ರಯತ್ನಿಸುವುದು. ಹವಾಯಿಯ ದ್ವೀಪಗಳ ನಡುವೆ ರೇಡಿಯೊ ಮೂಲಕ ನಾರ್ಮನ್ ಅಬ್ರಾಮ್‌ಸನ್ ಕಟ್ಟಿದ್ದ ಅಲೋಹಾ ಜಾಲದ ಪಾಠವನ್ನೇ ಮೆಟ್‌ಕಾಫ್ ತಂತಿಗೆ ಇಳಿಸಿದ್ದರು. ಡೇವಿಡ್ ಬಾಗ್ಸ್ ಜೊತೆ ಸೇರಿ ಕಟ್ಟಿದ ಮೊದಲ ಈಥರ್ನೆಟ್ಟಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. ಯಾರ ಅಪ್ಪಣೆಯೂ ಬೇಡ, ನಡುವೆ ಯಜಮಾನನಿಲ್ಲ, ಬಂದವರು ಸೇರಿಕೊಳ್ಳಬಹುದು. ಅಗ್ಗ ಮತ್ತು ಸರಳ. ಅದು ಗೆದ್ದದ್ದೂ ಈ ಎರಡು ಗುಣದಿಂದಲೇ.

ಜನ ಹೆಚ್ಚಾದಾಗ ಒಂದು ಕೇಬಲ್ ಸಾಲದೆ, ಎರಡು ಕೇಬಲ್‌ಗಳನ್ನು ಬೆಸೆಯುವ ಬ್ರಿಡ್ಜ್ ಎಂಬ ಪೆಟ್ಟಿಗೆ ಬಂತು. ಈಥರ್ನೆಟ್ಟಿನಲ್ಲಿ ಪ್ರತಿ ಯಂತ್ರಕ್ಕೂ 48 ಬಿಟ್‌ಗಳ ಒಂದು ವಿಳಾಸ ಕಾರ್ಖಾನೆಯಲ್ಲೇ ಬರೆದಿರುತ್ತದೆ. ಪೆಟ್ಟಿಗೆ ಏನು ಮಾಡುತ್ತದೆಂದರೆ, ಯಾವ ವಿಳಾಸದಿಂದ ಹೊರಟ ಮಾತು ಯಾವ ಪೋರ್ಟ್ ಕಡೆಯಿಂದ ಬಂತು ಎಂದು ನೋಡಿ ನೆನಪಿಟ್ಟುಕೊಳ್ಳುತ್ತದೆ. ಗೊತ್ತಿರುವ ವಿಳಾಸವಾದರೆ ಅದೇ ಪೋರ್ಟಿಗೆ ಕಳಿಸುತ್ತದೆ. ಗೊತ್ತಿಲ್ಲದಿದ್ದರೆ ಎಲ್ಲ ಪೋರ್ಟುಗಳಿಗೂ ಸುರಿಯುತ್ತದೆ. ಯಾರೂ ಏನೂ ಹೊಂದಿಸಬೇಕಿಲ್ಲ. ಇಂದಿಗೂ ನಿಮ್ಮ ಕಚೇರಿಯ ಮೂಲೆಯಲ್ಲಿ ಹಸಿರು ದೀಪ ಮಿಣುಕಿಸುತ್ತ ಕೂತಿರುವ ಸ್ವಿಚ್ ಮಾಡುವುದು ಇದನ್ನೇ.

ಇದರಲ್ಲಿ ಒಂದು ಮಾರಕ ದೋಷವಿತ್ತು. ಯಾರಾದರೂ ಎರಡು ಪೆಟ್ಟಿಗೆಗಳ ನಡುವೆ ಎರಡು ಕೇಬಲ್ ಹಾಕಿದರೆ ಸುತ್ತು ಉಂಟಾಗುತ್ತದೆ. ಎಲ್ಲರಿಗೂ ಎಂದು ಸುರಿದ ಒಂದು ಸಂದೇಶ ಆ ಸುತ್ತಿನಲ್ಲಿ ಬಿದ್ದರೆ ಎಂದಿಗೂ ಹೊರಬರುವುದಿಲ್ಲ. ಇಂಟರ್ನೆಟ್ಟಿನಲ್ಲಿ ಓಡುವ ಐಪಿ ಪ್ಯಾಕೆಟ್ ಎಂಬ ಮಾಹಿತಿಯ ಕಟ್ಟಿನಲ್ಲಾದರೆ ಆಯುಷ್ಯದ ಒಂದು ಅಂಕಿ ಇರುತ್ತದೆ. ಪ್ರತಿ ರೂಟರೂ ಅದನ್ನು ಒಂದೊಂದು ಇಳಿಸುತ್ತ ಹೋಗಿ, ಸೊನ್ನೆಯಾದಾಗ ಪ್ಯಾಕೆಟ್ ಸಾಯುತ್ತದೆ. ಈಥರ್ನೆಟ್ಟಿನ ಸಂದೇಶಕ್ಕೆ ಅಂಥ ಆಯುಷ್ಯದ ಲೆಕ್ಕ ಬರೆದಿಲ್ಲ. ಅದು ಸುತ್ತುತ್ತಲೇ ಇರುತ್ತದೆ, ಪ್ರತಿ ತಿರುವಿನಲ್ಲೂ ಇಮ್ಮಡಿಯಾಗುತ್ತಲೂ ಇರಬಹುದು. ಕೆಲವೇ ಸೆಕೆಂಡುಗಳಲ್ಲಿ ಜಾಲ ಉಸಿರುಗಟ್ಟುತ್ತದೆ.

ಪರಿಹಾರ ಕೊಟ್ಟವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನ ರೇಡಿಯಾ ಪರ್ಲ್‌ಮನ್. ಅವರೇ ಹೇಳಿಕೊಂಡಿರುವಂತೆ, ಒಂದು ಶುಕ್ರವಾರ ಮೇಲಧಿಕಾರಿ ಈ ಸಮಸ್ಯೆ ಒಪ್ಪಿಸಿ ಮುಂದಿನ ವಾರ ರಜೆಗೆ ಹೊರಟರು. ಪರ್ಲ್‌ಮನ್‌ಗೆ ಅಂದಿನ ರಾತ್ರಿಯೇ ಉತ್ತರ ಹೊಳೆಯಿತು. ಸೋಮವಾರ, ಮಂಗಳವಾರಗಳಲ್ಲಿ ಬರೆದು ಮುಗಿಸಿದರು. ಉಳಿದ ವಾರ ತೋರಿಸಲು ಅಧಿಕಾರಿಯಿಲ್ಲ, ಬೇರೆ ಕೆಲಸಕ್ಕೆ ಮನಸ್ಸಿಲ್ಲ. ಆ ವಿಧಾನದ ಮೇಲೆಯೇ ಒಂದು ಪದ್ಯ ಬರೆದು, 1985ರಲ್ಲಿ ಅದು ಪ್ರಕಟವಾದಾಗ ಪದ್ಯವನ್ನೂ ಪ್ರಬಂಧದ ತಲೆಯ ಮೇಲೆ ಕೂರಿಸಿದರು. ಸಂಶೋಧನಾ ಪ್ರಬಂಧಗಳಲ್ಲಿ ಇಂಥ ತುಂಟತನ ಅಪರೂಪ. ವಿಧಾನದ ಹೆಸರು ಸ್ಪ್ಯಾನಿಂಗ್ ಟ್ರೀ. ಪೆಟ್ಟಿಗೆಗಳೆಲ್ಲ ಪರಸ್ಪರ ಮಾತಾಡಿ ತಮ್ಮಲ್ಲೊಬ್ಬನನ್ನು ಬುಡ ಎಂದು ಆರಿಸಿಕೊಳ್ಳುತ್ತವೆ. ಅಲ್ಲಿಗೆ ಹೋಗಲು ತನಗೆ ಅತಿ ಹತ್ತಿರದ ದಾರಿ ಯಾವುದೋ ಅದೊಂದನ್ನು ಪ್ರತಿಯೊಂದೂ ಇಟ್ಟುಕೊಳ್ಳುತ್ತದೆ. ಸುತ್ತು ಉಂಟುಮಾಡುವ ಮಿಕ್ಕ ದಾರಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಉಳಿಯುವುದು ಮರ. ಒಂದು ಕೊಂಬೆ ಮುರಿದರೆ ಮುಚ್ಚಿದ್ದ ದಾರಿಯೊಂದು ತೆರೆಯುತ್ತದೆ.

ಸೊಗಸಾದ ಪರಿಹಾರ, ಸಂಶಯವಿಲ್ಲ. ಆದರೆ ಬೆಲೆ ನೋಡಿ: ದುಡ್ಡು ಕೊಟ್ಟು ಹಾಕಿಸಿದ ಹೆಚ್ಚುವರಿ ಕೇಬಲ್ಲುಗಳು, ಪೋರ್ಟುಗಳು ಅಪಘಾತವಾಗುವ ತನಕ ಸುಮ್ಮನೆ ಕೂತಿರಬೇಕು. ತಾತ್ಕಾಲಿಕ ತೇಪೆ ಎಂದುಕೊಂಡದ್ದು ಶಾಶ್ವತವಾಯಿತು ಎಂದು ಪರ್ಲ್‌ಮನ್ ಸ್ವತಃ ಎಷ್ಟೋ ಸಲ ಗೊಣಗಿದ್ದಾರೆ. 1990ರಲ್ಲಿ ವಿನೋದ್ ಭಾರದ್ವಾಜ್ ಮತ್ತು ಲ್ಯಾರಿ ಬ್ಲೇರ್ ಎಂಬಿಬ್ಬರು ಸಿಲಿಕಾನ್ ಕಣಿವೆಯಲ್ಲಿ ಏಳು ಪೋರ್ಟುಗಳ ಮೊದಲ ಈಥರ್ನೆಟ್ ಸ್ವಿಚ್ ಮಾರುಕಟ್ಟೆಗೆ ತಂದರು. ಅವರ ಕಂಪನಿಗೆ ಭಾರದ್ವಾಜರ ಹೆಂಡತಿಯ ಹೆಸರು: ಕಲ್ಪನಾ. 1994ರಲ್ಲಿ ಸಿಸ್ಕೊ ಅದನ್ನು ಕೊಂಡುಕೊಂಡಿತು. ಅಲ್ಲಿಂದ ಸ್ವಿಚ್ಚಿನ ಮೇಲೆ ಸ್ವಿಚ್ ಹೇರುತ್ತ ಜಗತ್ತಿನ ಕಚೇರಿಗಳೆಲ್ಲ ಮರ ಬೆಳೆಸಿದವು.

ಮರ ಎಷ್ಟು ಎತ್ತರ ಬೆಳೆಯಬಹುದು ಎಂಬುದಕ್ಕೆ ಒಂದು ಮಿತಿಯಿತ್ತು. ಸ್ಪ್ಯಾನಿಂಗ್ ಟ್ರೀಯ ಗಡಿಯಾರಗಳನ್ನು ಹೊಂದಿಸಿದ್ದದ್ದು ಒಂದು ತುದಿಯಿಂದ ಇನ್ನೊಂದು ತುದಿಗೆ ಏಳು ಪೆಟ್ಟಿಗೆಗಳ ಲೆಕ್ಕದಲ್ಲಿ. ಬಾಸ್ಟನ್ನಿನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆಯ ಜಾಲ, ಆಸ್ಪತ್ರೆಗಳು ಒಂದಕ್ಕೊಂದು ಕೂಡಿಕೊಂಡಂತೆ, ತುಂಡು ತುಂಡಾಗಿ ಬೆಳೆದು ಆ ಮಿತಿ ದಾಟಿತ್ತು. 2002ರ ನವೆಂಬರ್ 13ರಂದು ಸಂಶೋಧಕರೊಬ್ಬರ ಯಂತ್ರದಿಂದ ಭಾರೀ ಪ್ರಮಾಣದ ಮಾಹಿತಿ ಹರಿಯತೊಡಗಿದಾಗ, ಸ್ವಿಚ್ಚುಗಳು ತಮ್ಮತಮ್ಮಲ್ಲಿ ಆಡಿಕೊಳ್ಳುವ ಮಾತೇ ತಲುಪದೆ ಮರ ಕಲಸಿಹೋಯಿತು. ಸರಿಪಡಿಸಿದರೆ ಮತ್ತೆ ಕುಸಿತ. ರಕ್ತಪರೀಕ್ಷೆಯ ವರದಿ, ಔಷಧಿ ಚೀಟಿ, ದಾಖಲಾತಿ ಎಲ್ಲವೂ ಕಂಪ್ಯೂಟರಿಗೆ ಹೋಗಿದ್ದ ಆಸ್ಪತ್ರೆಯದು. ನಾಲ್ಕಾರು ದಿನ ಕಾಗದಕ್ಕೆ ಮರಳಬೇಕಾಯಿತು. ಕಾಗದದಲ್ಲಿ ಔಷಧಿ ಬರೆದೇ ಗೊತ್ತಿಲ್ಲದ ಎಳೆಯ ವೈದ್ಯರಿಗೆ ಹಿರಿಯರು ಹೇಳಿಕೊಡಬೇಕಾಯಿತು. ಪ್ರಯೋಗಾಲಯದ ಚೀಟಿಗಳನ್ನು ಜನ ಕೈಯಲ್ಲಿ ಹಿಡಿದು ಓಡಾಡಿದರು. ಆಸ್ಪತ್ರೆಯ ಮಾಹಿತಿ ವಿಭಾಗದ ಮುಖ್ಯಸ್ಥ ಜಾನ್ ಹಲಾಮ್ಕಾ ಇದನ್ನು ಮುಚ್ಚಿಡಲಿಲ್ಲ. ಊರಿಗೆಲ್ಲ ಹೇಳಿದರು, ಬೇರೆ ಆಸ್ಪತ್ರೆಗಳು ಎಚ್ಚೆತ್ತುಕೊಳ್ಳಲಿ ಎಂದು. ಇಂಥ ಪ್ರಾಮಾಣಿಕತೆ ಇರದಿದ್ದರೆ ಈ ಕಸುಬಿನ ಚರಿತ್ರೆ ಬರೆಯುವುದೇ ಕಷ್ಟ.

ಸರಿ, ಮರದ ಬುಡದಲ್ಲಿ ಇನ್ನೂ ದೊಡ್ಡ ಪೆಟ್ಟಿಗೆ ಇಟ್ಟರಾಯಿತಲ್ಲ? ದೊಡ್ಡ ರೂಟರಿನ ಒಂದೊಂದು ಪೋರ್ಟಿಗೂ ಸಣ್ಣ ಸ್ವಿಚ್ಚಿನ ಪೋರ್ಟಿಗಿಂತ ಎಷ್ಟೋ ಪಟ್ಟು ಬೆಲೆ. ನಾಲ್ಕರಲ್ಲಿ ಒಂದು ಕೆಟ್ಟರೆ ಕಾಲುಭಾಗ ಸಾಮರ್ಥ್ಯ ಒಂದೇ ಏಟಿಗೆ ಹೋಯಿತು. ಎಲ್ಲಕ್ಕಿಂತ ಮಿಗಿಲಾಗಿ, ಅದಕ್ಕಿಂತ ದೊಡ್ಡದನ್ನು ಯಾರೂ ಮಾಡುತ್ತಲೇ ಇರಲಿಲ್ಲ. ರೂಟರ್ ತಯಾರಕರ ಗಿರಾಕಿಗಳು ಟೆಲಿಕಾಂ ಕಂಪನಿಗಳು. ಒಂದೇ ಛಾವಣಿಯ ಕೆಳಗೆ ಹತ್ತು ಸಾವಿರ ಯಂತ್ರಗಳನ್ನು ಪೂರ್ಣ ವೇಗದಲ್ಲಿ ಜೋಡಿಸಬೇಕೆನ್ನುವ ಗಿರಾಕಿ ಅವರ ಕಲ್ಪನೆಯಲ್ಲೂ ಇರಲಿಲ್ಲ.

ಉತ್ತರ ಐವತ್ತು ವರ್ಷಗಳ ಹಿಂದೆಯೇ ಅಚ್ಚಾಗಿತ್ತು, ಟೆಲಿಫೋನಿನವರ ಪತ್ರಿಕೆಯಲ್ಲಿ. ಬೆಲ್ ಸಿಸ್ಟಮ್ ಟೆಕ್ನಿಕಲ್ ಜರ್ನಲ್‌ನ 1953ರ ಮಾರ್ಚ್ ಸಂಚಿಕೆಯಲ್ಲಿ ಬೆಲ್ ಲ್ಯಾಬ್ಸ್‌ನ ಚಾರ್ಲ್ಸ್ ಕ್ಲೋಸ್ ಒಂದು ಪ್ರಬಂಧ ಬರೆದಿದ್ದರು. ಆಗಿನ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕ್ರಾಸ್‌ಬಾರ್ ಎಂಬ ಜಾಲರಿ ಇರುತ್ತಿತ್ತು: ಅಡ್ಡಕ್ಕೆ ಕರೆ ಮಾಡುವವರ ತಂತಿಗಳು, ಉದ್ದಕ್ಕೆ ಕರೆ ಪಡೆಯುವವರ ತಂತಿಗಳು, ಎರಡೂ ಸಂಧಿಸುವಲ್ಲೆಲ್ಲ ಒಂದು ಲೋಹದ ಸಂಪರ್ಕಬಿಂದು. 100 ತಂತಿಗೆ 100 ತಂತಿ ಜೋಡಿಸಲು 10,000 ಬಿಂದು. 1000ಕ್ಕೆ 10 ಲಕ್ಷ. ಬಿಂದು ಎಂದರೆ ದುಡ್ಡು, ತುಕ್ಕು, ರಿಪೇರಿ.

ಕ್ಲೋಸ್ ಹೇಳಿದ್ದು: ಒಂದು ದೊಡ್ಡ ಜಾಲರಿಯ ಬದಲು ಸಣ್ಣ ಜಾಲರಿಗಳ ಮೂರು ಸಾಲು ಮಾಡಿ. ಮೊದಲ ಸಾಲಿನ ಪ್ರತಿ ಜಾಲರಿಯಿಂದ ನಡುವಿನ ಸಾಲಿನ ಪ್ರತಿ ಜಾಲರಿಗೂ ಒಂದೊಂದು ತಂತಿ. ನಡುವಿನ ಪ್ರತಿಯೊಂದರಿಂದ ಕೊನೆಯ ಸಾಲಿನ ಪ್ರತಿಯೊಂದಕ್ಕೂ ಒಂದೊಂದು ತಂತಿ. ನಡುವೆ ಎಷ್ಟು ಜಾಲರಿ ಇದ್ದರೆ ಯಾರ ಕರೆಯೂ ದಾರಿಯಿಲ್ಲದೆ ನಿಲ್ಲುವುದಿಲ್ಲ? ಮೊದಲ ಸಾಲಿನ ನನ್ನ ಜಾಲರಿಯಲ್ಲಿ ನನ್ನನ್ನೂ ಸೇರಿಸಿ 6 ಜನ ಇದ್ದೇವೆ ಎನ್ನಿ. ಮಿಕ್ಕ 5 ಜನ ಹೆಚ್ಚೆಂದರೆ ನಡುವಿನ 5 ಜಾಲರಿಗಳನ್ನು ಹಿಡಿದಿರುತ್ತಾರೆ. ನಾನು ಕರೆಯಬೇಕಾದವನ ಕಡೆಯ ಜಾಲರಿಯಲ್ಲೂ ಮಿಕ್ಕ 5 ಜನ ಇನ್ನು 5 ಹಿಡಿದಿರಬಹುದು. ಅತಿ ಕೆಟ್ಟ ಸಂದರ್ಭದಲ್ಲಿ 10 ನನಗೆ ಸಿಗುವುದಿಲ್ಲ. 11ನೆಯದೊಂದಿದ್ದರೆ ಅದು ಖಾಲಿ ಇದ್ದೇ ತೀರಬೇಕು. ಇಷ್ಟೇ ಗಣಿತ. 36 ತಂತಿಗಳಿಗೆ ನೇರ ಜಾಲರಿಯಾದರೆ 1296 ಬಿಂದು, ಮೂರು ಸಾಲಿನದಾದರೆ 1188. ಉಳಿತಾಯ ಅಲ್ಪ. ಆದರೆ 10,000 ತಂತಿಗೆ ಹೋದರೆ 10 ಕೋಟಿ ಬಿಂದುಗಳ ಜಾಗದಲ್ಲಿ 60 ಲಕ್ಷಕ್ಕಿಂತ ಕಡಿಮೆ ಸಾಕು. ಇನ್ನೂ ಹೆಚ್ಚು ಸಾಲುಗಳನ್ನು ಹಾಕಿದರೆ ಅದೂ ಇಳಿಯುತ್ತದೆ.

ಸಣ್ಣ, ಒಂದೇ ಬಗೆಯ ಪೆಟ್ಟಿಗೆಗಳಿಂದ ಎಷ್ಟು ದೊಡ್ಡ ಜಾಲವನ್ನಾದರೂ ಕಟ್ಟಬಹುದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ರುಜುವಾತು ಬೇಕಿಲ್ಲ. 1985ರಲ್ಲಿ ಎಂಐಟಿಯ ಚಾರ್ಲ್ಸ್ ಲೈಸರ್‌ಸನ್ ಸೂಪರ್‌ಕಂಪ್ಯೂಟರುಗಳಿಗಾಗಿ ಇದರ ಸೋದರಸಂಬಂಧಿಯನ್ನು ಫ್ಯಾಟ್ ಟ್ರೀ ಎಂಬ ಹೆಸರಿನಲ್ಲಿ ಮುಂದಿಟ್ಟರು: ಬುಡದ ಕಡೆ ಹೋದಂತೆಲ್ಲ ದಪ್ಪವಾಗುವ ಮರ. ಈಥರ್ನೆಟ್ಟಿನ ಜನಕ್ಕೆ ಇವೆಲ್ಲ ಬೇರೆ ಊರಿನ ಸುದ್ದಿ.

ಗೂಗಲ್‌ನ ಎಂಜಿನಿಯರುಗಳು 2005ರ ಸುಮಾರಿಗೆ ಇದನ್ನು ಎತ್ತಿಕೊಂಡರು. ಗುರಿ: 10,000 ಸರ್ವರ್, ಯಾವುದು ಯಾವುದರೊಡನೆ ಬೇಕಾದರೂ 1 ಗಿಗಾಬಿಟ್ ವೇಗದಲ್ಲಿ ಮಾತಾಡಬೇಕು. ಯೋಜನೆಗೆ ಫೈರ್‌ಹೋಸ್ ಎಂದು ಹೆಸರಿಟ್ಟರು. ಸ್ವಿಚ್ ತಯಾರಿಸಿ ಅನುಭವವಿಲ್ಲ, ಸರ್ವರ್ ತಯಾರಿಸಿ ಅನುಭವವಿದೆ. ಹಾಗಾಗಿ ಮಾರುಕಟ್ಟೆಯಲ್ಲಿ ಸಿಗುವ ಸ್ವಿಚ್ ಚಿಪ್ಪುಗಳನ್ನು ಕಾರ್ಡುಗಳ ಮೇಲೆ ಕೂರಿಸಿ, ಆ ಕಾರ್ಡುಗಳನ್ನು ಮಾಮೂಲಿ ಸರ್ವರುಗಳ ಹೊಟ್ಟೆಗೇ ತುರುಕಿದರು. ಕೆಲಸ ಮಾಡಲಿಲ್ಲ. ಸರ್ವರ್ ಆಗಾಗ ಕೆಡುತ್ತದೆ, ಅದು ಅದರ ಜಾಯಮಾನ. ಮತ್ತೆ ಏಳಲು ನಿಮಿಷಗಟ್ಟಲೆ ತೆಗೆದುಕೊಳ್ಳುತ್ತದೆ. ಅದರ ಜೊತೆ ಜಾಲದ ಒಂದು ತುಂಡೂ ಮಲಗುತ್ತಿತ್ತು. ಕೆಟ್ಟದ್ದನ್ನು ತೆಗೆದು ಬೇರೆ ಹಾಕುವಾಗ ಹತ್ತಾರು ಕೇಬಲ್ ಕಳಚಿ ಮತ್ತೆ ಸಿಕ್ಕಿಸಬೇಕು, ಅದರಲ್ಲಿ ಒಂದೆರಡು ತಪ್ಪು ತೂತಿಗೆ ಹೋಗುವುದು ಖಾತರಿ. ಆ ಮೊದಲ ಆವೃತ್ತಿ ಬಳಕೆಗೆ ಬರಲೇ ಇಲ್ಲ.

ಎರಡನೆಯ ಆವೃತ್ತಿಗೆ ಸ್ವಿಚ್ಚಿಗೆಂದೇ ಪೆಟ್ಟಿಗೆ ಮಾಡಿಸಿದರು. ಆಗ ಎದುರಾದದ್ದು ಕೇಬಲ್ಲಿನ ಕಾಟ. ಗಣಿತದ ಹಾಳೆಯಲ್ಲಿ ಗೆರೆ ಎಳೆಯುವುದು ಸುಲಭ; ನೆಲದ ಮೇಲೆ ಆ ಒಂದೊಂದು ಗೆರೆಯೂ ತಾಮ್ರದ ದಪ್ಪ ಕೇಬಲ್, ಅದಕ್ಕೆ 14 ಮೀಟರಿನ ಮಿತಿ. ದೂರದ ರ‍್ಯಾಕ್ ತಲುಪದ ಕಡೆ, ಎರಡು ತುದಿಗೂ ಅದೇ ಕನೆಕ್ಟರ್ ಇದ್ದು ನಡುವೆ ಬೆಳಕಿನ ಎಳೆ ಓಡುವ ಕೇಬಲ್ಲುಗಳನ್ನು ಬಳಸಿದರು. ಹೊಸ ಜಾಲದ ಮೇಲೆ ಯಾರಿಗೂ ಪೂರಾ ನಂಬಿಕೆ ಇರಲಿಲ್ಲ, ಅದಕ್ಕೇ ಹಳೆಯ ನಾಲ್ಕು ರೂಟರುಗಳನ್ನು ಕಿತ್ತುಹಾಕದೆ ಪಕ್ಕದಲ್ಲೇ ಇದನ್ನು ಜೋತುಹಾಕಿದರು. ಇದು ಕೈಕೊಟ್ಟರೆ ಅದು. ಕೈಕೊಡಲಿಲ್ಲ. ಅಲ್ಲಿಂದ ವಾಚ್‌ಟವರ್, ಸ್ಯಾಟರ್ನ್, 2012ರಲ್ಲಿ ಜ್ಯೂಪಿಟರ್ ಎಂದು ತಲೆಮಾರುಗಳು ಬಂದವು. ಜ್ಯೂಪಿಟರಿನ ಸಾಮರ್ಥ್ಯ 1.3 ಪೆಟಾಬಿಟ್, ಅಂದರೆ 13 ಲಕ್ಷ ಗಿಗಾಬಿಟ್. ಒಂದು ಲಕ್ಷ ಸರ್ವರುಗಳು ತಲಾ 10 ಗಿಗಾಬಿಟ್ ವೇಗದಲ್ಲಿ ಒಟ್ಟಿಗೆ ಮಾತಾಡಿದರೂ ತಡೆಯುತ್ತದೆ.

ಇದೆಲ್ಲ 2015ರ ತನಕ ಗುಟ್ಟು. ಹೊರಜಗತ್ತಿಗೆ ಕ್ಲೋಸ್ ಮರಳಿ ಬಂದದ್ದು ವಿಶ್ವವಿದ್ಯಾಲಯದ ಬಾಗಿಲಿನಿಂದ. 2008ರ ಆಗಸ್ಟಿನಲ್ಲಿ ಸಿಯಾಟಲ್‌ನಲ್ಲಿ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಶಾಖೆಯ ಮೊಹಮ್ಮದ್ ಅಲ್-ಫಾರೆಸ್, ಅಲೆಕ್ಸಾಂಡರ್ ಲೂಕಿಸಾಸ್ ಮತ್ತು ಅಮಿನ್ ವಹ್ದತ್ ಒಂದು ಲೆಕ್ಕ ಮುಂದಿಟ್ಟರು. 48 ಪೋರ್ಟಿನ, ಅಂಗಡಿಯಲ್ಲಿ ಸಿಗುವ ಮಾಮೂಲಿ ಸ್ವಿಚ್ 2880 ತಂದು ಜೋಡಿಸಿದರೆ 27,648 ಸರ್ವರುಗಳಿಗೆ ಪೂರ್ಣ ವೇಗ. ಖರ್ಚು 86.4 ಲಕ್ಷ ಡಾಲರ್. ಅದನ್ನೇ ದೊಡ್ಡ ಪೆಟ್ಟಿಗೆಗಳ ಮರದಿಂದ ಕಟ್ಟಿದರೆ 3.7 ಕೋಟಿ ಡಾಲರ್. ಮರುವರ್ಷ ಮೈಕ್ರೋಸಾಫ್ಟಿನ ಆಲ್ಬರ್ಟ್ ಗ್ರೀನ್‌ಬರ್ಗ್ ತಂಡ ವಿಎಲ್2 ಎಂಬ ತಮ್ಮದೇ ಆವೃತ್ತಿ ಪ್ರಕಟಿಸಿತು. ವಹ್ದತ್ 2010ರಲ್ಲಿ ಗೂಗಲ್ ಸೇರಿದರು. 2014ರಲ್ಲಿ ಫೇಸ್‌ಬುಕ್, ಅಯೋವಾದ ಆಲ್ಟೂನಾದಲ್ಲಿ 48 ರ‍್ಯಾಕ್‌ಗಳ ಗುಂಪುಗಳನ್ನು ಇದೇ ಮಾದರಿಯಲ್ಲಿ ಹೆಣೆದು, ಹೇಗೆ ಮಾಡಿದೆವೆಂದು ಚಿತ್ರ ಸಮೇತ ಬರೆಯಿತು. ಆರೇಳು ವರ್ಷದಲ್ಲಿ ಇಡೀ ಉದ್ಯಮ ಮತಾಂತರಗೊಂಡಿತ್ತು.

ಆದರೆ ಒಂದು ಪ್ರಶ್ನೆ ಉಳಿಯಿತು. ದಾರಿಗಳು ನೂರಾದವು, ಪ್ಯಾಕೆಟ್ ಯಾವುದರಲ್ಲಿ ಹೋಗಬೇಕು? ಸ್ಪ್ಯಾನಿಂಗ್ ಟ್ರೀ ಇಲ್ಲಿ ಪ್ರಯೋಜನವಿಲ್ಲ, ಅದು ಒಂದನ್ನುಳಿದು ಎಲ್ಲವನ್ನೂ ಮುಚ್ಚುತ್ತದೆ. ಹಾಗಾಗಿ ರ‍್ಯಾಕಿನ ತುದಿಯ ಸ್ವಿಚ್ಚಿನ ತನಕ ಐಪಿ ರೂಟಿಂಗನ್ನೇ ಇಳಿಸಿದರು. ಪ್ರತಿ ಸ್ವಿಚ್ಚೂ ಪ್ಯಾಕೆಟ್ಟಿನ ಕಳಿಸುವವನ ವಿಳಾಸ, ಪಡೆಯುವವನ ವಿಳಾಸ, ಎರಡೂ ಕಡೆಯ ಪೋರ್ಟ್ ಸಂಖ್ಯೆ, ಪ್ರೊಟೊಕಾಲ್ ಈ ಐದನ್ನೂ ಕಲಸಿ ಒಂದು ಅಂಕಿ ಮಾಡುತ್ತದೆ. ಆ ಅಂಕಿಯ ಪ್ರಕಾರ ಸಮಾನ ದೂರದ ದಾರಿಗಳಲ್ಲಿ ಒಂದನ್ನು ಆರಿಸುತ್ತದೆ. ಒಂದು ಸಂಭಾಷಣೆಯ ಪ್ಯಾಕೆಟ್ಟುಗಳೆಲ್ಲ ಒಂದೇ ದಾರಿ ಹಿಡಿಯುವುದರಿಂದ ಸಾಲು ತಪ್ಪುವುದಿಲ್ಲ. ಬೇರೆ ಬೇರೆ ಸಂಭಾಷಣೆಗಳು ಬೇರೆ ಬೇರೆ ದಾರಿಗೆ ಚೆದುರುತ್ತವೆ. ಆನೆಗಳೆಂದು ಕರೆಯುವ ದೈತ್ಯ ಹರಿವುಗಳೆರಡು ದುರದೃಷ್ಟಕ್ಕೆ ಒಂದೇ ದಾರಿಗೆ ಬಿದ್ದರೆ, ಪಕ್ಕದ ದಾರಿ ಖಾಲಿಯಿದ್ದರೂ ಇಲ್ಲಿ ದಟ್ಟಣೆ. ಇದು ಇಂದಿಗೂ ಪೂರ್ತಿ ಬಗೆಹರಿದಿಲ್ಲ. ಕೃತಕ ಬುದ್ಧಿಮತ್ತೆಯ ತರಬೇತಿಯಲ್ಲಿ ಹರಿವುಗಳು ಕಡಿಮೆ, ಆದರೆ ಒಂದೊಂದೂ ಆನೆಯೇ ಆದ್ದರಿಂದ ಮತ್ತೆ ತಲೆನೋವಾಗಿದೆ.

ದಾರಿ ಯಾವುದೆಂದು ಸ್ವಿಚ್ಚುಗಳಿಗೆ ತಿಳಿಸುವ ಕೆಲಸಕ್ಕೆ ಗೂಗಲ್ ತನ್ನದೇ ಕೇಂದ್ರೀಯ ತಂತ್ರಾಂಶ ಬರೆದುಕೊಂಡಿತು. ಬೇರೆಯವರಲ್ಲಿ ಹಲವರು ಬಿಜಿಪಿಯನ್ನು ತಂದರು. ಇಂಟರ್ನೆಟ್ ಕಂಪನಿಗಳು ದೇಶ ದೇಶಗಳ ನಡುವೆ ದಾರಿ ಹಂಚಿಕೊಳ್ಳುವ ಪ್ರೊಟೊಕಾಲ್ ಅದು. 1989ರಲ್ಲಿ ಯಾಕೊವ್ ರೆಖ್ಟರ್ ಮತ್ತು ಕರ್ಕ್ ಲೌಹೀಡ್ ಊಟದ ಮೇಜಿನ ಕಾಗದದ ನ್ಯಾಪ್ಕಿನ್ನುಗಳ ಮೇಲೆ ಗೀಚಿ ರೂಪಿಸಿದ್ದು. ಒಂದು ಕಟ್ಟಡದೊಳಗೆ ಅದನ್ನು ಓಡಿಸುವುದು ಹಿಂದೆ ಹುಚ್ಚುತನ ಅನ್ನಿಸಿಕೊಳ್ಳುತ್ತಿತ್ತು. 2016ರ ಹೊತ್ತಿಗೆ ಅದೂ ಒಂದು ಪದ್ಧತಿಯಾಗಿ ದಾಖಲೆಗೆ ಸೇರಿತು.

ಇಲ್ಲಿಯವರೆಗೆ ಹೇಳಿದ್ದು ತನ್ನ ಮನೆಯಲ್ಲಿ ತಾನೊಬ್ಬನೇ ವಾಸಿಸುವ ಕಂಪನಿಯ ಕತೆ. ಕ್ಲೌಡ್ ಅಂದರೆ ಬಾಡಿಗೆ ಮನೆ. 2006ರ ಆಗಸ್ಟಿನಲ್ಲಿ ಅಮೆಜಾನ್, ಗಂಟೆಗೆ 10 ಸೆಂಟ್ ಬಾಡಿಗೆಗೆ ಕಂಪ್ಯೂಟರ್ ಕೊಡುವ ಇಸಿ2 ಸೇವೆ ಶುರು ಮಾಡಿತು. ಅದನ್ನು ಕಟ್ಟಿದ್ದು ಕ್ರಿಸ್ ಪಿಂಕಮ್ ನೇತೃತ್ವದಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿ ಕೂತ ಸಣ್ಣ ತಂಡ. ಒಂದೇ ಯಂತ್ರದಲ್ಲಿ ಹತ್ತು ಗಿರಾಕಿಗಳ ಹತ್ತು ವರ್ಚುವಲ್ ಯಂತ್ರ. ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳಬಾರದು. ಇಬ್ಬರು ಗಿರಾಕಿಗಳೂ ತಮ್ಮ ಯಂತ್ರಕ್ಕೆ 10.0.0.1 ಎಂಬ ಒಂದೇ ವಿಳಾಸ ಇಟ್ಟುಕೊಂಡರೂ ಗೊಂದಲವಾಗಬಾರದು. ಈಥರ್ನೆಟ್ಟಿನಲ್ಲಿ ಗುಂಪುಗಳನ್ನು ಬೇರ್ಪಡಿಸಲು ವಿಲ್ಯಾನ್ ಎಂಬ ಗುರುತು ಮೊದಲೇ ಇತ್ತು, ಆದರೆ ಅದಕ್ಕೆ 12 ಬಿಟ್ ಮಾತ್ರ. 4094 ಗಿರಾಕಿಗಳಿಗೆ ಮುಗಿಯಿತು. ಇದಕ್ಕೆ ಒಂದೊಂದು ಕಂಪನಿ ಒಂದೊಂದು ಉಪಾಯ ಮಾಡಿತು. ಹೆಚ್ಚು ಹರಡಿದ ವಿಎಕ್ಸ್‌ಲ್ಯಾನ್ 2011ರಲ್ಲಿ ಹೊರಬಂದು, 2014ರಲ್ಲಿ ದಾಖಲೆಯಾಯಿತು. ಗಿರಾಕಿಯ ಪ್ಯಾಕೆಟ್ಟನ್ನು ಹಾಗೇ ಇನ್ನೊಂದು ಪ್ಯಾಕೆಟ್ಟಿನೊಳಗೆ ಹಾಕಿ, ಮೇಲೆ 24 ಬಿಟ್‌ನ ಗುರುತು ಬರೆಯುವುದು. ಸುಮಾರು 1 ಕೋಟಿ 67 ಲಕ್ಷ ಗಿರಾಕಿಗಳಿಗೆ ಜಾಗ. ಕೆಳಗಿನ ಸ್ವಿಚ್ಚುಗಳಿಗೆ ಹೊರಗಿನ ವಿಳಾಸ ಮಾತ್ರ ಕಾಣುತ್ತದೆ. ಒಳಗೆ ಯಾರ ಗುಟ್ಟಿದೆಯೋ ಅವಕ್ಕೆ ಬೇಕಿಲ್ಲ. ಹೀಗೆ ಗಟ್ಟಿ ಜಾಲದ ಮೇಲೆ ಬರೀ ತಂತ್ರಾಂಶದಲ್ಲಿರುವ ಲಕ್ಷಾಂತರ ಜಾಲಗಳು ತೇಲತೊಡಗಿದವು.

(ನಡುವೆ ಒಂದು ಮಾತು. ಇಂಥ ಸ್ವಿಚ್ಚುಗಳ ತಂತ್ರಾಂಶದಲ್ಲಿ ಬೆಂಗಳೂರಿನ ಎಂಜಿನಿಯರುಗಳ ಕೈ ಸಾಕಷ್ಟಿದೆ. 2007ರಲ್ಲಿ ಸಿಸ್ಕೊ ತನ್ನ ಪೂರ್ವದ ಕೇಂದ್ರವನ್ನು ಇಲ್ಲೇ ತೆರೆಯಿತು. ಆದರೆ ಅಮೆಜಾನ್ ಭಾರತದಲ್ಲಿ ತನ್ನ ಕ್ಲೌಡ್ ಪ್ರದೇಶಗಳನ್ನು ಮಾಡಿದ್ದು 2016ರಲ್ಲಿ ಮುಂಬೈ, 2022ರಲ್ಲಿ ಹೈದರಾಬಾದ್.)

ಮರವನ್ನು ಬಿಟ್ಟ ಮಾತ್ರಕ್ಕೆ ಇಕ್ಕಟ್ಟಿನ ಬಾಗಿಲುಗಳೆಲ್ಲ ಹೋದವು ಎಂದಲ್ಲ. 2011ರ ಏಪ್ರಿಲ್ 21ರ ನಡುರಾತ್ರಿ ದಾಟಿದ ಮೇಲೆ, ಪೆಸಿಫಿಕ್ ವೇಳೆ 12.47ಕ್ಕೆ, ಅಮೆರಿಕದ ಪೂರ್ವ ಭಾಗದ ತನ್ನ ಕೇಂದ್ರದಲ್ಲಿ ಅಮೆಜಾನ್ ಜಾಲದ ಸಾಮರ್ಥ್ಯ ಹೆಚ್ಚಿಸುವ ಕೆಲಸಕ್ಕೆ ಕೈಹಾಕಿತು. ಒಂದು ರೂಟರಿನ ಸಂಚಾರವನ್ನು ಅದರ ಜೊತೆಯ ಇನ್ನೊಂದು ರೂಟರಿಗೆ ತಿರುಗಿಸಬೇಕಿತ್ತು. ತಿರುಗಿದ್ದು ಮಾತ್ರ ಆಪತ್ಕಾಲಕ್ಕೆಂದು ಇಟ್ಟಿದ್ದ, ಕಡಿಮೆ ಸಾಮರ್ಥ್ಯದ ಇನ್ನೊಂದು ಜಾಲಕ್ಕೆ. ಅದು ಆ ಹೊರೆ ತಡೆಯಲಿಲ್ಲ. ಡಿಸ್ಕುಗಳನ್ನು ನೋಡಿಕೊಳ್ಳುವ ಯಂತ್ರಗಳಿಗೆ ತಮ್ಮ ಪ್ರತಿಗಳಿರುವ ಯಂತ್ರಗಳು ಇದ್ದಕ್ಕಿದ್ದಂತೆ ಕಾಣದಾದವು. ತಪ್ಪನ್ನು ಗುರುತಿಸಿ ಜಾಲ ಸರಿಪಡಿಸಿದರು. ಅಸಲು ಅನಾಹುತ ಶುರುವಾದದ್ದು ಆಗ. ನನ್ನ ಪ್ರತಿ ಕಳೆದುಹೋಗಿದೆ, ಹೊಸದು ಮಾಡಿಕೊಳ್ಳಬೇಕು ಎಂದು ಸಾವಿರಾರು ಯಂತ್ರಗಳು ಒಮ್ಮೆಲೇ ಖಾಲಿ ಜಾಗ ಹುಡುಕಿಕೊಂಡು ಹೊರಟವು. ಇದ್ದ ಜಾಗ ತುಂಬಿತು. ಸಿಗದವು ಮತ್ತೆ ಮತ್ತೆ ಕೇಳುತ್ತಲೇ ಇದ್ದವು. ರೆಡಿಟ್, ಕೋರಾ, ಫೋರ್‌ಸ್ಕ್ವೇರ್ ಮುಂತಾದ ತಾಣಗಳು ಮಲಗಿದವು. ಪೂರ್ತಿ ಚೇತರಿಕೆಗೆ ದಿನಗಳು ಹಿಡಿದವು. ಆ ವಲಯದ ಡಿಸ್ಕುಗಳಲ್ಲಿ ಶೇ. 0.07ರಷ್ಟು ಮರಳಿ ಸಿಗಲೇ ಇಲ್ಲ. ಒಂದು ಸಂಚಾರ ಬದಲಾವಣೆಯ ಆದೇಶ ತಪ್ಪಿದ್ದರ ಫಲ ಇದು. ಸಾವಿರ ದಾರಿಗಳಿರುವ ಜಾಲವನ್ನು ಕೈಯಿಂದ ನಡೆಸಲು ಸಾಧ್ಯವಿಲ್ಲ, ಬದಲಾವಣೆಗಳನ್ನೂ ತಂತ್ರಾಂಶವೇ ಪರೀಕ್ಷಿಸಿ ಮಾಡಬೇಕು ಎಂಬ ಮಾತಿಗೆ ಅಂದಿನಿಂದ ಬಲ ಬಂತು. ಅಮೆಜಾನ್ ತನ್ನ ತಪ್ಪಿನ ವಿವರವನ್ನು ಗಂಟೆ ಗಂಟೆಯ ಲೆಕ್ಕದಲ್ಲಿ ಪ್ರಕಟಿಸಿದ್ದನ್ನು ಮೆಚ್ಚಬೇಕು.

ಇತ್ತ ಸಣ್ಣ ಪೆಟ್ಟಿಗೆ ಸಣ್ಣದಾಗಿ ಉಳಿದಿಲ್ಲ. ಬ್ರಾಡ್‌ಕಾಮ್ ಕಂಪನಿಯ ಟೊಮಾಹಾಕ್ ಎಂಬ ಸ್ವಿಚ್ ಚಿಪ್ 2014ರಲ್ಲಿ ಸೆಕೆಂಡಿಗೆ 3.2 ಟೆರಾಬಿಟ್ ಸಾಗಿಸುತ್ತಿತ್ತು. 2022ರಲ್ಲಿ ಬಂದ ಅದರ ಐದನೆಯ ತಲೆಮಾರು 51.2 ಟೆರಾಬಿಟ್. 2004ರ ಆ 512 ಪೋರ್ಟಿನ ನೂರು ರೂಟರುಗಳನ್ನು ಅಂಗೈಯಗಲದ ಒಂದು ಚಿಪ್ಪು ನುಂಗಿದಂತೆ. ಇದರಿಂದ ಗೂಗಲ್‌ಗೆ ಹೊಸದೊಂದು ತೊಡಕು ಬಂತು. ಕ್ಲೋಸ್ ಜಾಲದ ನಡುಸಾಲನ್ನು, ಅಂದರೆ ಸ್ಪೈನ್ ಸ್ವಿಚ್ಚುಗಳನ್ನು, ಕಟ್ಟಡ ಶುರುವಾದ ದಿನವೇ ಹಾಕಿಬಿಡಬೇಕು. ಎರಡು ವರ್ಷದ ನಂತರ ಬರುವ ಹೊಸ ರ‍್ಯಾಕುಗಳು ಎಷ್ಟೇ ವೇಗದವಾಗಿರಲಿ, ನಡುಸಾಲಿನ ಹಳೆಯ ವೇಗಕ್ಕೆ ಇಳಿದು ಮಾತಾಡಬೇಕು. ನಡುಸಾಲನ್ನು ಬದಲಿಸೋಣವೆಂದರೆ ಇಡೀ ಕಟ್ಟಡವೇ ಅದನ್ನು ನೆಚ್ಚಿಕೊಂಡಿದೆ.

2022ರ ಆಗಸ್ಟಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಮ್ಮೇಳನದಲ್ಲಿ ಗೂಗಲ್ ಇದಕ್ಕೆ ಕಂಡುಕೊಂಡ ಪರಿಹಾರ ಹೇಳಿತು. ನಡುಸಾಲನ್ನೇ ತೆಗೆದುಹಾಕಿದ್ದರು. ಆ ಜಾಗದಲ್ಲಿ ಪ್ಯಾಕೆಟ್ಟನ್ನು ಓದದ, ವಿಳಾಸ ನೋಡದ, 136 ಪೋರ್ಟುಗಳ ಒಂದು ಪೆಟ್ಟಿಗೆ. ಅದರೊಳಗೆ ಸೂಕ್ಷ್ಮ ಕನ್ನಡಿಗಳು. ಒಂದು ಎಳೆಯಿಂದ ಬಂದ ಬೆಳಕನ್ನು ಬೇಕಾದ ಇನ್ನೊಂದು ಎಳೆಗೆ ಬಾಗಿಸುವುದಷ್ಟೇ ಅವುಗಳ ಕೆಲಸ. ಬೆಳಕಿನಲ್ಲಿ ಬರುತ್ತಿರುವುದು 40 ಗಿಗಾಬಿಟ್ಟೋ 400 ಗಿಗಾಬಿಟ್ಟೋ, ಕನ್ನಡಿಗೆ ಗೊತ್ತೂ ಇಲ್ಲ, ಗೊತ್ತಾಗಬೇಕಾಗಿಯೂ ಇಲ್ಲ. ಯಾವ ಗುಂಪಿನಿಂದ ಯಾವ ಗುಂಪಿಗೆ ಸಂಚಾರ ಹೆಚ್ಚಿದೆ ಎಂದು ತಂತ್ರಾಂಶ ಅಳೆದು, ಕನ್ನಡಿಗಳನ್ನು ತಿರುಗಿಸಿ ಗುಂಪುಗಳನ್ನು ನೇರವಾಗಿ ಬೆಸೆಯುತ್ತದೆ. ಹತ್ತು ವರ್ಷಗಳಲ್ಲಿ ಜಾಲದ ಸಾಮರ್ಥ್ಯ ಐದು ಪಟ್ಟಾಯಿತು, ಕಟ್ಟುವ ಖರ್ಚು ಶೇ. 30, ವಿದ್ಯುತ್ ಶೇ. 41 ಇಳಿಯಿತು ಎಂದು ಪ್ರಬಂಧ ಲೆಕ್ಕ ಕೊಟ್ಟಿತು. ಬಳಕೆಯಲ್ಲಿದ್ದ ಹಳೆಯ ಕಟ್ಟಡಗಳಲ್ಲೂ ಸ್ಪೈನ್ ಸ್ವಿಚ್ಚುಗಳನ್ನು ಒಂದೊಂದೇ ಗುಂಪಾಗಿ ಕಳಚಿದರು. ಆ ಹೊತ್ತಿನಲ್ಲೂ ಜನರ ಹುಡುಕಾಟ, ಮೇಲ್, ವೀಡಿಯೊಗಳು ಅದೇ ಜಾಲದ ಮೇಲೆ ಓಡುತ್ತಿದ್ದವು.